ನಿಧನವಾರ್ತೆಯೂ ವಂಶಶೋಧವೂ

ಹಳೆಯ ವೃತ್ತಪತ್ರಿಕೆಗಳ ನಿಧನವಾರ್ತೆಗಳಿಂದ ಪೂರ್ವಜರನ್ನು ಗುರುತಿಸಲೆಳಸುವವರು ಆ ಸಾಧನದ ಮಿತಿಯನ್ನೂ ಅರಿತಿರಬೇಕು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹೊರಟುದು 1843ರಲ್ಲಿ. ಆದರೆ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನಂತಹ ಹಳ್ಳಿಯ ರೈತನ ಮರಣವು ಪತ್ರಿಕೆಗೆ ವಾರ್ತೆಯಾಗುವುದು ವಿರಳ. ಅಲ್ಲಿ ಹೆಸರು ದೊರೆಯದ ಮಾತ್ರಕ್ಕೆ ಮನೆತನವೇ ಇರಲಿಲ್ಲವೆನ್ನಲಾಗದು. ಇದಲ್ಲದೆ, ವಾರ್ತೆ ಅಚ್ಚಾದ ದಿನವೇ ಮರಣದ ದಿನವಲ್ಲ. ‘ಇಂತಹವರ ಧರ್ಮಪತ್ನಿ’ ಎಂದಷ್ಟೇ ಬರೆದಲ್ಲಿ ಸ್ತ್ರೀಯ ಹೆಸರೂ ತವರೂ ಮರೆಯಾಗುತ್ತವೆ.

ಉತ್ತರ ಕರ್ನಾಟಕದಲ್ಲಿ ಮನೆಮನೆಗೆ ಬಂದು ವಂಶಾವಳಿಯನ್ನು ಹೇಳುವ ಹೆಳವರ ಹೊತ್ತಗೆಯು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬೀತು; ಆದರೆ ಅದೂ ಪ್ರಧಾನವಾಗಿ ಗಂಡುಸಂತತಿಯ ಜಾಡನ್ನೇ ಹಿಡಿಯುತ್ತದೆ. ಆದುದರಿಂದ ಪತ್ರಿಕೆ, ಹೆಳವರ ಹೊತ್ತಗೆ, ಗ್ರಾಮದ ಜನನ-ಮರಣ ದಾಖಲೆ ಈ ಮೂರನ್ನೂ ಒಂದಕ್ಕೊಂದು ಒರೆಹಚ್ಚಿಯೇ ನಿರ್ಣಯಕ್ಕೆ ಬರಬೇಕು. ಇಲ್ಲವಾದರೆ ನಾವು ಬರೆಯುವ ವಂಶವೃಕ್ಷದಲ್ಲಿ ಬಡವರಿಗೂ ಹೆಣ್ಣುಮಕ್ಕಳಿಗೂ ಎಡೆಯಿರದು.