ಮಖಮಲ್ಲಿನ ಮೊಲ

ಮಾರ್ಜರಿ ವಿಲಿಯಮ್ಸ್ ಎಂಬ ಲೇಖಕಿಯು 1922ರಲ್ಲಿ ಪ್ರಕಟಿಸಿದ ‘ಮಖಮಲ್ಲಿನ ಮೊಲ’ವೆಂಬ ಇಂಗ್ಲಿಷ್ ಕಥೆಯು ಒಂದು ಕೂರಿನಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು, ಆದರೆ ನೂರು ವರ್ಷಗಳು ಕಳೆದರೂ ಅದರ ಅಚ್ಚು ನಿಂತಿಲ್ಲ. ಮಕ್ಕಳಿಗೆಂದು ತಂದ ಆ ಪುಸ್ತಕವನ್ನು ಓದಿ ಹೇಳುತ್ತ ದೊಡ್ಡವರ ಕಂಠವೇ ಗದ್ಗದವಾಗುವುದುಂಟು. ಒಳಗೆ ಮರದ ಹೊಟ್ಟು ತುಂಬಿದ ಬಟ್ಟೆಯ ಬೊಂಬೆಯೊಂದು ಬೆಳೆದವರ ಮನಸ್ಸನ್ನೂ ಹೀಗೆ ಹಿಡಿಯುವುದೇಕೆ, ಆ ಹಿಡಿತಕ್ಕೆ ಕಥೆಯು ಕೊನೆಯವರೆಗೂ ನ್ಯಾಯ ಸಲ್ಲಿಸಿದೆಯೆ ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಕ್ರಿಸ್ಮಸ್ ಹಬ್ಬದ ಉಡುಗೊರೆಯಾಗಿ ಬಂದ ಮೊಲವನ್ನು, ಕೀಲಿ ಕೊಟ್ಟರೆ ಓಡುವ ಬೊಂಬೆಗಳು ಕೀಳಾಗಿ ಕಾಣುವುವು. ಅದಕ್ಕೆ ಧೈರ್ಯ ಹೇಳುವುದು ಮುದಿಯಾದ ತೊಗಲಿನ ಕುದುರೆಯೊಂದೇ. ಮಗುವು ಬಹುಕಾಲ ಮನಸಾರೆ ಪ್ರೀತಿಸಿದರೆ ಬೊಂಬೆಯು ನಿಜವಾಗುವುದು. ಆದರೆ ಅಷ್ಟು ಹೊತ್ತಿಗೆ ಅದರ ಕೂದಲುದುರಿ, ಕಣ್ಣು ಕಳಚಿ, ಕೀಲುಗಳು ಸಡಿಲವಾಗಿರುವುವು ಎಂಬುದು ಆ ಕುದುರೆಯ ಮತ. ಮೆತ್ತನೆಯ ಬೊಂಬೆಯ ಆಕರ್ಷಣೆಯ ಮರ್ಮವೆಲ್ಲ ಇಲ್ಲಿಯೇ ಇದೆ. ಪಿಂಗಾಣಿಯ ಬೊಂಬೆಯು ಸವೆದರೆ ಹಾಳಾಗುವುದು. ಬಟ್ಟೆಯ ಬೊಂಬೆಯು ಸವೆದಷ್ಟೂ ತನ್ನ ಒಡೆಯನದಾಗುವುದು. ನಮ್ಮ ನವರಾತ್ರಿಯ ಪಟ್ಟದ ಬೊಂಬೆಗಳನ್ನು ಮುಟ್ಟಹೋದ ಮಕ್ಕಳಿಗೆ ಬೈಗುಳವೇ ಗತಿ. ಅವು ನೋಡುವುದಕ್ಕೆ, ಇವು ಅಪ್ಪಿಕೊಳ್ಳುವುದಕ್ಕೆ.

ಲಂಡನಿನ ಶಿಶುವೈದ್ಯನೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಡೊನಾಲ್ಡ್ ವಿನಿಕಾಟನು 1951ರಲ್ಲಿ ಓದಿ 1953ರಲ್ಲಿ ಅಚ್ಚು ಮಾಡಿಸಿದ ಪ್ರಬಂಧವೊಂದು ಈ ಕುದುರೆಯ ಮಾತಿಗೆ ಭಾಷ್ಯದಂತಿದೆ. ತಾಯಿಗೂ ಹೊರಗಿನ ಲೋಕಕ್ಕೂ ನಡುವೆ ಮಗುವು ಒಂದು ಕಂಬಳಿಯ ಅಂಚನ್ನೋ ಬಟ್ಟೆಯ ಬೊಂಬೆಯನ್ನೋ ಹಿಡಿದುಕೊಳ್ಳುವುದು. ಅದು ಕೊಳೆಯಾಗಿ ನಾರುತ್ತಿದ್ದರೂ ತಾಯಿಯು ಒಗೆಯುವುದಿಲ್ಲ. ಒಗೆದರೆ ಮಗುವಿನ ಅನುಭವದ ಎಳೆಯೇ ಕಡಿದುಹೋಗುವುದೆಂದು ಅವಳು ಬಲ್ಲಳು. ಇದು ನೀನೇ ಕಲ್ಪಿಸಿದ್ದೊ, ಹೊರಗಿನಿಂದ ಬಂದದ್ದೊ ಎಂದು ಮಗುವನ್ನು ಯಾರೂ ಕೇಳತಕ್ಕದ್ದಲ್ಲವೆಂಬುದು ವಿನಿಕಾಟನ ನಿಲುವಿನ ತಿರುಳು. ವಿಲಿಯಮ್ಸಳ ಕಥೆಯು ಎಡವುವುದು ಆ ಕೇಳಬಾರದ ಪ್ರಶ್ನೆಗೆ ಉತ್ತರ ಕೊಡಹೋಗಿಯೇ.

ಎಡವುವುದಕ್ಕೆ ಮುಂಚಿನ ಭಾಗವಂತೂ ಅಪೂರ್ವವಾಗಿದೆ. ಹುಡುಗನಿಗೆ ಕೆಂಪುಜ್ವರ ಬರುವುದು. ಮೊಲವು ಹಾಸಿಗೆಯಲ್ಲಿ ಅವನ ಮಗ್ಗುಲು ಬಿಡದು. ಗುಣವಾದ ಮೇಲೆ, ರೋಗ ತಗಲಿದ ಬೊಂಬೆಯನ್ನು ಸುಟ್ಟುಬಿಡಬೇಕೆಂದು ವೈದ್ಯನ ಆಜ್ಞೆ. ಮೊಲವು ಚೀಲದಲ್ಲಿ ತೋಟದ ಮೂಲೆಗೆ ಬಿದ್ದಿರುವ ರಾತ್ರಿ, ಹುಡುಗನು ಹೊಸದೊಂದು ಮೊಲವನ್ನು ಮಲಗಿಸಿಕೊಂಡು ಮರುದಿನದ ಸಮುದ್ರತೀರದ ಪಯಣವನ್ನೇ ನೆನೆಯುತ್ತಿರುವನು. ಮಗುವಿನ ಮರೆವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ, ಒಂದು ನಿಂದೆಯ ಮಾತೂ ಇಲ್ಲದೆ ಹೇಳುವುದು ಸಾಮಾನ್ಯ ಕೈಯ ಕೆಲಸವಲ್ಲ.

ಆಮೇಲೆ ಬರುವಳು ಯಕ್ಷಿಣಿ. ಮೊಲದ ಕಣ್ಣೀರು ಬಿದ್ದಲ್ಲಿ ಹೂವೊಂದು ಅರಳಿ, ಅದರೊಳಗಿನಿಂದ ಅವಳು ಹೊರಟು, ಬೊಂಬೆಯನ್ನು ಕಾಡಿನ ಮೊಲವನ್ನಾಗಿ ಮಾಡಿಬಿಡುವಳು. ಹುಡುಗನಿಗೆ ಮಾತ್ರ ನೀನು ನಿಜವಾಗಿದ್ದೆ, ಇನ್ನು ಎಲ್ಲರಿಗೂ ನಿಜವೆಂದು ಅವಳ ಸಮಾಧಾನ. ಹಾಗಾದರೆ ಕುದುರೆಯು ಹೇಳಿದ್ದು ಅರ್ಧಸತ್ಯವಾಯಿತು. ಪ್ರೀತಿಯಿಂದ ಆಗದುದನ್ನು ಮಂತ್ರವು ಮಾಡಿತು. ಇದನ್ನು ಔಚಿತ್ಯಭಂಗವೆನ್ನದೆ ವಿಧಿಯಿಲ್ಲ.

ಎ. ಎ. ಮಿಲ್ನನು ಈ ತಪ್ಪಿಗೆ ಸಿಕ್ಕಲಿಲ್ಲ. ಮಗನ ಮೊದಲ ಹುಟ್ಟುಹಬ್ಬಕ್ಕೆ 1921ರಲ್ಲಿ ಕೊಂಡ ಕರಡಿಬೊಂಬೆಯೇ ಅವನ 1926ರ ಮತ್ತು 1928ರ ಪುಸ್ತಕಗಳ ಪೂ ಎಂಬ ನಾಯಕ. ಎರಡನೆಯದನ್ನು ಓದಿ ಡೊರೊಥಿ ಪಾರ್ಕರಳು ಓಕರಿಕೆ ಬಂದಿತೆಂದು ಗೇಲಿ ಮಾಡಿದ್ದಳು. ಕರಡಿಯ ಗುನುಗುಹಾಡುಗಳ ಮಟ್ಟಿಗೆ ಆ ಗೇಲಿ ಸಲ್ಲಲೂಬಹುದು. ಆದರೆ ಕೊನೆಯ ಅಧ್ಯಾಯದ ಮುಂದೆ ಅದು ನಿಲ್ಲುವುದಿಲ್ಲ. ಹುಡುಗನು ಬೆಳೆದು ದೂರವಾಗಬೇಕಾಗಿದೆ. ತನ್ನನ್ನು ಮರೆಯಬೇಡವೆಂದು ಅವನು ಕರಡಿಯಿಂದ ಮಾತು ತೆಗೆದುಕೊಳ್ಳುವನು. ಮರೆಯುವವನು ತಾನೆಂದು ಬಲ್ಲವನೇ ಬೊಂಬೆಯಿಂದ ಭಾಷೆ ಬೇಡುವ ಈ ವಿಪರ್ಯಾಸದಲ್ಲಿ ಯಾವ ಯಕ್ಷಿಣಿಯೂ ಇಲ್ಲ, ಬೊಂಬೆಯು ಬೊಂಬೆಯಾಗಿಯೇ ಉಳಿಯುವುದು. ಆ ಕರಡಿಯೂ ಅದರ ನಾಲ್ವರು ಸಂಗಡಿಗರೂ 1947ರಲ್ಲಿ ಅಮೆರಿಕಕ್ಕೆ ಹೋಗಿ, 1987ರಿಂದ ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಗಾಜಿನ ಹಿಂದೆ ಕುಳಿತಿವೆ. ದೊಡ್ಡವನಾದ ಮಗನು ಅವುಗಳನ್ನು ತನ್ನ ಬಳಿ ಇಟ್ಟುಕೊಳ್ಳಲು ಇಚ್ಛಿಸಲಿಲ್ಲ. ನೋಡಹೋಗುವ ಅಪರಿಚಿತರಿಗೋ ದಣಿವಿಲ್ಲ.

ಈವ್ಲಿನ್ ವಾ 1945ರಲ್ಲಿ ಪ್ರಕಟಿಸಿದ ಕಾದಂಬರಿಯ ಸೆಬಾಸ್ಟಿಯನ್ನನು ಆಕ್ಸ್‌ಫರ್ಡಿನಲ್ಲಿ ಅಲೋಶಿಯಸ್ ಎಂಬ ಕರಡಿಯನ್ನು ಹೊತ್ತು ತಿರುಗುವನು. ಕವಿ ಬೆಟ್ಜೆಮನನ ಆರ್ಚಿಬಾಲ್ಡನೆಂಬ ಕರಡಿಯೇ ಅದಕ್ಕೆ ಮಾದರಿ. ಆದರೆ ನಾಲ್ಕು ಜನರಿಗೆ ಕಾಣುವಂತೆ ಹಿಡಿದ ಬೊಂಬೆಯು ಆ ಯುವಕನ ಅಳಲಿಗಿಂತ ಅವನ ಅಭಿನಯವನ್ನೇ ಹೆಚ್ಚು ತೋರಿಸುವುದು.

‘ಮಖಮಲ್ಲಿನ ಮೊಲ’ವನ್ನು ಕನ್ನಡಿಸಲು ಕುಳಿತವರಿಗೆ ಅದರ ಬಿರುಕು ಕೂಡಲೇ ಕಾಣುವುದು. ಕುದುರೆಯ ಮಾತಿಗೂ ಯಕ್ಷಿಣಿಯ ಮಾತಿಗೂ ಇಂಗ್ಲಿಷಿನಲ್ಲಿ ಒಂದೇ ಶಬ್ದವಿದೆ. ಕನ್ನಡದಲ್ಲಿ ಕುದುರೆಯ ಮಾತಿಗೆ ‘ನಿಜ’ವೆಂಬುದು ಸೊಗಸಾಗಿ ಹೊಂದುವುದು, ನಿಜಸುತ, ನಿಜಮಂದಿರ ಎಂಬಲ್ಲಿ ಅದಕ್ಕೆ ‘ತನ್ನ’ ಎಂಬ ಅರ್ಥವೇ ಇದೆಯಲ್ಲವೆ? ಯಕ್ಷಿಣಿಯು ಮಾಡಿದ ಮೊಲಕ್ಕಾದರೋ ‘ಜೀವಂತ’ವೆಂದೇ ಬರೆಯಬೇಕಾದೀತು. ಮರುವಸಂತದಲ್ಲಿ ಆ ಜೀವಂತ ಮೊಲವು ಹುಡುಗನನ್ನು ನೋಡಲು ಬರುವುದು. ತಾನು ಕಳೆದುಕೊಂಡ ಮೊಲದಂತೆಯೇ ಇದೆಯಲ್ಲಾ ಎಂದು ಅವನು ಅಂದುಕೊಳ್ಳುವನು, ಅದೇ ಇದೆಂದು ಅರಿಯನು.