ನಿಧಾನ ಬಲ್ಲ ಬೈಕೇ ದೊಡ್ಡ ಬೈಕು

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ದಶಪಥದ ಮುಖ್ಯ ಹಾದಿಗೆ ಬೈಕುಗಳು ಹತ್ತುವಂತಿಲ್ಲ. ಎಂಜಿನ್ 100 ಸಿಸಿಯದಾಗಲಿ, 1,300 ಸಿಸಿಯದಾಗಲಿ, ನಿಯಮ ಒಂದೇ. ಪಕ್ಕದ ಸರ್ವೀಸ್ ರಸ್ತೆ ಹಿಡಿಯಬೇಕು, ಬೈಪಾಸ್ ಬಂದಲ್ಲಿ ಊರೊಳಗಿನ ಹಳೆಯ ಹೆದ್ದಾರಿಗೆ ಇಳಿಯಬೇಕು. ಹಾಗಾಗಿ ಬಿಡದಿಯಲ್ಲಿ ಈಗ ಎಲ್ಲ ಬಗೆಯ ಬೈಕುಗಳೂ ಒಂದೇ ರಸ್ತೆಯ ಪಾಲುದಾರರು. ಬೆಂಗಳೂರಿನಿಂದ ತಟ್ಟೆ ಇಡ್ಲಿಗೆಂದು ಭಾನುವಾರ ಬೆಳಿಗ್ಗೆ ಬರುವ ಸೂಪರ್‌ಬೈಕುಗಳು, ಕಾರ್ಖಾನೆಯ ಶಿಫ್ಟಿಗೆ ಹೊರಟ ಸ್ಪ್ಲೆಂಡರ್‌ಗಳು, ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡ ಟಿವಿಎಸ್ ಎಕ್ಸ್‌ಎಲ್‌ಗಳು, ರಾಮನಗರದ ಮಾರುಕಟ್ಟೆಗೆ ಗೂಡು ಒಯ್ಯುವ ಗಾಡಿಗಳು ಒಂದರ ಹಿಂದೊಂದು ಸಾಗುತ್ತವೆ.

ದಿನದ ಓಡಾಟಕ್ಕೆ ದೊಡ್ಡ ಬೈಕು ಸರಿಹೋಗುತ್ತದೆಯೇ ಎಂದು ಕೇಳುವವರಿಗೆ ನಾನು ತೋರಿಸುವುದು ಇದೇ ರಸ್ತೆಯನ್ನು. ಬೈಕು ಎಷ್ಟು ವೇಗ ಮುಟ್ಟುತ್ತದೆ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಅದು ಎಷ್ಟು ನೆಮ್ಮದಿಯಿಂದ ನಿಧಾನವಾಗಿ ಹೋಗಬಲ್ಲದು ಎಂಬುದೇ ಇಲ್ಲಿನ ಪರೀಕ್ಷೆ. ಆ ಪರೀಕ್ಷೆಯಲ್ಲಿ ಕೆಲವು ದೊಡ್ಡ ಬೈಕುಗಳು ಚೆನ್ನಾಗಿ ಪಾಸಾಗುತ್ತವೆ, ಬಹಳಷ್ಟು ಫೇಲಾಗುತ್ತವೆ.

ಗಾತ್ರ ಬೇರೆ, ಶಕ್ತಿ ಬೇರೆ ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಜೈ ಮತ್ತು ವೀರು ಓಡಿಸುವ ಸೈಡ್‌ಕಾರ್ ಬೈಕು ಎರಡನೇ ಮಹಾಯುದ್ಧದ ಕಾಲದ ಬಿಎಸ್‌ಎ. ಸೇನೆಗೆಂದು ಮಾಡಿದ ಆ ಗಾಡಿಯ ಎಂಜಿನ್ 496 ಸಿಸಿ, ಶಕ್ತಿ ಸುಮಾರು 13 ಅಶ್ವಶಕ್ತಿ. ಅದಕ್ಕಿಂತ ಚಿಕ್ಕದಾದ 373 ಸಿಸಿ ಎಂಜಿನ್ನಿನಿಂದ ಕೆಟಿಎಂ 390 ಡ್ಯೂಕ್ 43 ಅಶ್ವಶಕ್ತಿ ಹೊರಡಿಸಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚುವವರೆಗೆ ತಯಾರಿಸಿದ ಯೆಜ್ಡಿ ರೋಡ್‌ಕಿಂಗ್ 250 ಸಿಸಿಯ ಗಾಡಿ, ಶಕ್ತಿ 16. ಹಳೆಯ ಬುಲೆಟ್ 350ರದ್ದು 18. ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ದೊಡ್ಡ ಗಾಡಿ ಎಂದರೆ ಇವೇ. ಇಬ್ಬರನ್ನು ಕೂರಿಸಿಕೊಂಡು, ಹಾಲಿನ ಕ್ಯಾನು ತೂಗುಹಾಕಿಕೊಂಡು ಮಾಗಡಿಯ ಏರನ್ನು ಸಲೀಸಾಗಿ ಹತ್ತುತ್ತಿದ್ದವು. ಎಳೆಯುವ ಬಲ ಕಡಿಮೆ ಆರ್‌ಪಿಎಂನಲ್ಲೇ ಕೈಗೆ ಸಿಗುತ್ತಿದ್ದುದೇ ಅದಕ್ಕೆ ಕಾರಣ.

ಸರಕಾರದ ತೆರಿಗೆಗೆ ಈ ವ್ಯತ್ಯಾಸ ಕಾಣುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದನ್ನು ದಾಟಿದರೆ ಶೇ 40. ಗೆರೆ ಎಳೆದಿರುವುದು ಸಿಸಿ ನೋಡಿ. ಕೊಳ್ಳುವವರು ಮಾತ್ರ ಸಿಸಿಯ ಅಂಕಿಯ ಆಚೆ ನೋಡಬೇಕು. ಆ ಎಂಜಿನ್ನಿನ ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ, ಎಷ್ಟು ಆರ್‌ಪಿಎಂನಲ್ಲಿ ತುಂಬಿ ಬರುತ್ತದೆ ಎಂದು ಕೇಳಬೇಕು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಅದು 4,000ಕ್ಕೆ ಬರುತ್ತದೆ. ಸುಜುಕಿ ಹಯಬುಸಾದಲ್ಲಿ 7,000ಕ್ಕೆ. ಕವಾಸಕಿ ನಿಂಜಾ ಝಡ್‌ಎಕ್ಸ್-10ಆರ್‌ನಲ್ಲಿ 11,000 ದಾಟಬೇಕು. ಬಿಡದಿಯ ಪೇಟೆಯಲ್ಲಿ 11,000 ಆರ್‌ಪಿಎಂ ಮುಟ್ಟುವ ಜಾಗ ಯಾರಿಗೂ ಸಿಗದು, ಸಿಗಲೂಬಾರದು. ಅಷ್ಟು ಹಣ ಕೊಟ್ಟು ಕೊಂಡ ಶಕ್ತಿ ದಿನವೂ ಮುಟ್ಟದೆ ಉಳಿಯುತ್ತದೆ.

ಗೇರಿನ ಲೆಕ್ಕವನ್ನೂ ನೋಡಿ. ರೇಸ್ ಮೈದಾನದ ವಂಶದ ಸಾವಿರ ಸಿಸಿ ಬೈಕು ಮೊದಲ ಗೇರಿನಲ್ಲೇ ಗಂಟೆಗೆ 100 ಕಿ.ಮೀ.ಯನ್ನು ಸುಲಭವಾಗಿ ದಾಟುತ್ತದೆ. 13,000 ಆರ್‌ಪಿಎಂಗೆ 150 ಕಿ.ಮೀ. ಹೋಗುವಂತೆ ಹೊಂದಿಸಿದ ಗೇರು ಎಂದುಕೊಂಡರೆ, ಎಕ್ಸಲರೇಟರ್ ಮುಟ್ಟದೆ 1,100 ಆರ್‌ಪಿಎಂನಲ್ಲಿ ಬಿಟ್ಟರೂ ಗಾಡಿ 12–13 ಕಿ.ಮೀ. ವೇಗದಲ್ಲಿ ಮುಂದಕ್ಕೆ ನೂಕುತ್ತದೆ. ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಎಂಟರಲ್ಲಿ ಹೋಗುತ್ತಿದ್ದರೆ ಸವಾರನಿಗೆ ಹಾಫ್ ಕ್ಲಚ್ಚೇ ಗತಿ. ಕ್ಲಚ್ ಹಿಡಿದು ಬಿಟ್ಟು ಎಡಗೈ ಸೋಲುತ್ತದೆ, ಕ್ಲಚ್ ಪ್ಲೇಟ್ ಸವೆಯುತ್ತದೆ.

ಅದರ ಬೆನ್ನಿಗೇ ಬಿಸಿ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಮೂರರಲ್ಲೊಂದು ಪಾಲು ಚಕ್ರಕ್ಕೆ ಹೋಗುತ್ತದೆ; ಉಳಿದದ್ದು ಶಾಖವಾಗಿ ಹೊರಬರಲೇಬೇಕು. ದೊಡ್ಡ ಬೈಕಿನ ರೇಡಿಯೇಟರಿಗೆ ಎದುರುಗಾಳಿ ಬೇಕು. ಗಾಳಿಯಿಲ್ಲದಾಗ ಫ್ಯಾನ್ ತಿರುಗಿ ಆ ಬಿಸಿಯನ್ನೆಲ್ಲ ಸವಾರನ ತೊಡೆಗೆ ಊದುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಚನ್ನಪಟ್ಟಣದ ಪೇಟೆ ದಾಟುವಾಗ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ತೂಕ. ಸ್ಪ್ಲೆಂಡರ್ ಸುಮಾರು 112 ಕೆ.ಜಿ., ಹಯಬುಸಾ 260 ದಾಟುತ್ತದೆ. ಓಡುವಾಗ ಈ ತೂಕ ಗೊತ್ತಾಗುವುದಿಲ್ಲ, ಗಾಡಿ ಕದಲದೆ ನೆಟ್ಟಗೆ ಸಾಗುತ್ತದೆ. ಅಂಡರ್‌ಪಾಸಿನ ಬಾಯಲ್ಲಿ ಯು ತಿರುವು ಹೊಡೆಯುವಾಗ, ಹೋಟೆಲ್ ಮುಂದಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ, ಮರಳು ಚೆಲ್ಲಿದ ಜಾಗದಲ್ಲಿ ಕಾಲೂರುವಾಗ ಪೂರ್ತಿ ಗೊತ್ತಾಗುತ್ತದೆ. ತಗ್ಗಾದ ಕ್ರೂಸರ್ ಆದರೆ ಹೊಟ್ಟೆ ಹಂಪ್ಸಿಗೆ ಉಜ್ಜುತ್ತದೆ.

ಇಷ್ಟೂ ಸವಾರನ ಪಾಡು. ಇದಕ್ಕಿಂತ ದೊಡ್ಡ ಮಾತು ಎದುರಿನವರದ್ದು. ಪಕ್ಕದ ದಾರಿಯಿಂದ ಹೊರೆ ಹೊತ್ತ ಎಕ್ಸ್‌ಎಲ್ ಮೇಲೆ ರೈತರೊಬ್ಬರು ರಸ್ತೆಗೆ ಬರುತ್ತಾರೆ. ನೂರು ಮೀಟರ್ ದೂರದಲ್ಲಿ ಒಂದು ಬೈಕು ಕಾಣುತ್ತದೆ. ದಾಟಲು ಅವರಿಗೆ ನಾಲ್ಕೈದು ಸೆಕೆಂಡ್ ಬೇಕು. ಬರುತ್ತಿರುವ ಬೈಕು 50ರ ವೇಗದಲ್ಲಿದ್ದರೆ ಅಲ್ಲಿಗೆ ಮುಟ್ಟಲು ಏಳು ಸೆಕೆಂಡ್ ಹಿಡಿಯುತ್ತದೆ, ದಾಟಿ ಆಗಿರುತ್ತದೆ. 120ರಲ್ಲಿದ್ದರೆ ಮೂರೇ ಸೆಕೆಂಡ್. ಮುಂದಿನಿಂದ ನೋಡಿದರೆ ಎರಡೂ ಒಂದು ದೀಪ, ಒಂದು ಹ್ಯಾಂಡಲ್, ಒಂದು ಹೆಲ್ಮೆಟ್. ಜೀವಮಾನವೆಲ್ಲ ಊರ ಬೈಕುಗಳ ವೇಗ ನೋಡಿ ಪಳಗಿದ ಕಣ್ಣು ಆ ಅಂದಾಜಿನ ಮೇಲೆಯೇ ದಾಟಲು ನಿರ್ಧರಿಸುತ್ತದೆ. ಅದು ಆ ರೈತರ ತಪ್ಪಲ್ಲ. ರಸ್ತೆ ನಡೆಯುವುದೇ ಒಬ್ಬರ ವೇಗವನ್ನು ಇನ್ನೊಬ್ಬರು ಊಹಿಸಬಲ್ಲರೆಂಬ ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಮುರಿಯುವವನ ಕೈಯಲ್ಲೇ ಹೊಣೆಯೂ ಇರಬೇಕು.

ಬ್ರೇಕ್ ಚೆನ್ನಾಗಿದೆ, ಎಬಿಎಸ್ ಇದೆ ಎಂಬ ಉತ್ತರ ಇಲ್ಲಿ ಸಾಲದು. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕ್ ಹಿಡಿದರೂ 60ರಿಂದ ನಿಲ್ಲಲು, ಕಂಡು ಎಚ್ಚರಾಗುವ ಒಂದು ಸೆಕೆಂಡನ್ನೂ ಸೇರಿಸಿ, ಸುಮಾರು 37 ಮೀಟರ್ ಬೇಕು. 120ರಿಂದಾದರೆ 110 ಮೀಟರ್ ಮೀರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕು ಪಟ್ಟಾಗುತ್ತದೆ. ಯಾವ ಕಂಪನಿಯ ಡಿಸ್ಕೂ ಈ ಲೆಕ್ಕವನ್ನು ಬದಲಿಸಲಾರದು. 2018ರ ಕೇಂದ್ರದ ಅಧಿಸೂಚನೆ ಬೈಕಿಗೆ ಊರೊಳಗೆ 60, ನಾಲ್ಕು ಪಥದ ಹೆದ್ದಾರಿಯಲ್ಲಿ 80 ಎಂದು ಮಿತಿ ಹಾಕಿರುವುದು ಸವಾರರನ್ನು ಕಾಡಿಸಲು ಅಲ್ಲ.

ಹಾಗಾದರೆ ದೊಡ್ಡ ಬೈಕೇ ಬೇಡವೆ? ಹಾಗೆನ್ನಲು ನನಗೆ ಮನಸ್ಸಿಲ್ಲ, ಕಾರಣವೂ ಇಲ್ಲ. ಒಳ್ಳೆಯ ದೊಡ್ಡ ಬೈಕಿನ ಸುಖ ನಿಜವಾದದ್ದು. ಲಾರಿಯನ್ನು ಹಿಂದೆ ಹಾಕಲು ಚಿಕ್ಕ ಗಾಡಿ ಎದುರು ಪಥದಲ್ಲಿ ಬಹಳ ಹೊತ್ತು ಇರಬೇಕಾಗುತ್ತದೆ. ದೊಡ್ಡದು ಕ್ಷಣದಲ್ಲಿ ಮುಗಿಸಿ ತನ್ನ ಪಥಕ್ಕೆ ಮರಳುತ್ತದೆ. ಇಬ್ಬರು ಕೂತು ಲಗೇಜು ಕಟ್ಟಿ ಹಾಸನದಾಚೆ ಘಾಟಿಗೆ ಹೊರಟರೆ ಎಂಜಿನ್ ಏದುಸಿರು ಬಿಡುವುದಿಲ್ಲ, ಸವಾರನಿಗೂ ದಣಿವು ಕಡಿಮೆ. ಕನಕಪುರ ದಾಟಿ ಸಂಗಮದ ಕಡೆ ಇಳಿಯುವ ತಿರುವುಗಳಲ್ಲಿ ಅಥವಾ ಸಾವನದುರ್ಗದ ಬಂಡೆಯನ್ನು ಪಕ್ಕಕ್ಕಿಟ್ಟುಕೊಂಡು ಮಂಚನಬೆಲೆಯ ದಾರಿ ಹಿಡಿದಾಗ, 40ರ ವೇಗದಲ್ಲೇ ಒಳ್ಳೆಯ ಎಂಜಿನ್ ಕೊಡುವ ಸಂತೋಷಕ್ಕೆ ಸಾಟಿಯಿಲ್ಲ. ಮೂರನೇ ಗೇರಿನಲ್ಲಿ ಬಿಟ್ಟು ತಿರುವಿನಿಂದ ತಿರುವಿಗೆ ಗಾಡಿಯನ್ನು ಹರಿಯಗೊಡುವ ಸವಾರಿಗೆ ಬೇಕಾದದ್ದು ಕೆಳಗಿನ ಆರ್‌ಪಿಎಂನ ಮೃದುವಾದ ಬಲ.

ಆ ಬಲ ಇರುವ ದೊಡ್ಡ ಬೈಕುಗಳಿವೆ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ಯನ್ನು ನಾನು ಮೊದಲು ಹೆಸರಿಸುತ್ತೇನೆ. 648 ಸಿಸಿ, ಎರಡು ಸಿಲಿಂಡರ್, 47 ಅಶ್ವಶಕ್ತಿ. ತೂಕ 200 ಕೆ.ಜಿ. ಮೀರಿದರೂ ನಿಧಾನದಲ್ಲಿ ಉಸಿರುಗಟ್ಟದ ಎಂಜಿನ್. ಇನ್ನೂ ಹಗುರ ಬೇಕೆಂದರೆ 2023ರಲ್ಲಿ ಬಂದ, ಬಜಾಜ್ ತಯಾರಿಸುವ ಟ್ರಯಂಫ್ ಸ್ಪೀಡ್ 400; 40ರ ಆಸುಪಾಸಿನ ಅಶ್ವಶಕ್ತಿ. ಇನ್ನೂ ಸಾವಧಾನದವರಿಗೆ 20 ಅಶ್ವಶಕ್ತಿಯ 350 ಸಿಸಿ ಗಾಡಿಗಳು. ಬಿಡದಿಯಿಂದ ದಿನವೂ ಬೆಂಗಳೂರಿಗೆ ಹೋಗಿ ಬರುವವರಿಗೆ 20ರಿಂದ 50 ಅಶ್ವಶಕ್ತಿಯ ಈ ಪಟ್ಟಿಯೊಳಗೆ ಬೇಕಾದದ್ದೆಲ್ಲ ಸಿಗುತ್ತದೆ. ಅದರ ಮೇಲಿನದು ರಜೆಯ ದಿನದ ಗಾಡಿ, ದೂರದ ದಾರಿಯ ಗಾಡಿ. ಹಾಗೆಂದು ಒಪ್ಪಿಕೊಂಡು ಇಟ್ಟುಕೊಂಡವರ ಮೇಲೆ ನನಗೆ ಗೌರವವಿದೆ.

ನಮ್ಮ ಕಾನೂನಿನಲ್ಲಿ ಒಂದು ದೊಡ್ಡ ಕೊರತೆ ಇದೆ. ಹದಿನೆಂಟು ತುಂಬಿ, 100 ಸಿಸಿ ಗಾಡಿಯಲ್ಲಿ ಎಂಟು ಬರೆದು ಲೈಸೆನ್ಸ್ ಪಡೆದವರು ಮಾರನೆಯ ದಿನವೇ 200 ಅಶ್ವಶಕ್ತಿಯ ಬೈಕು ಹತ್ತಬಹುದು. ಬ್ರಿಟನ್ನಿನಲ್ಲಿ ಹಾಗಿಲ್ಲ. ಹದಿನೇಳಕ್ಕೆ 125 ಸಿಸಿ, ಹತ್ತೊಂಬತ್ತಕ್ಕೆ 35 ಕಿಲೊವ್ಯಾಟ್, ಅಂದರೆ ಸುಮಾರು 47 ಅಶ್ವಶಕ್ತಿವರೆಗೆ. ಮಿತಿಯಿಲ್ಲದ ಬೈಕು ಅದರ ಮೇಲೆ ಎರಡು ವರ್ಷ ಪಳಗಿದ ನಂತರ, ಇಲ್ಲವೇ ಇಪ್ಪತ್ನಾಲ್ಕಕ್ಕೆ. ಸವಾರಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ವಿದ್ಯೆ. ಕಾನೂನು ಹೇಳದಿದ್ದರೂ ಮನೆಯ ಹಿರಿಯರು ಮಗನಿಗೆ, ಮಗಳಿಗೆ ಈ ಕ್ರಮವನ್ನು ಹಾಕಿಕೊಡಬಹುದು.

ಶೋರೂಮಿಗೆ ಹೋದಾಗ ಟೆಸ್ಟ್ ರೈಡ್‌ನಲ್ಲಿ ಪಿಕಪ್ ನೋಡುವ ಆತುರ ಬೇಡ. ನಡೆಯುವವರ ಜೊತೆಗೆ ಹೆಜ್ಜೆ ಹಾಕುವಷ್ಟು ನಿಧಾನವಾಗಿ, ಕಾಲೂರದೆ ಐವತ್ತು ಮೀಟರ್ ಹೋಗಿ. ಕಿರಿದಾದ ರಸ್ತೆಯಲ್ಲಿ ಒಂದೇ ಸಲಕ್ಕೆ ಹಿಂದಿರುಗಿಸಿ. ಎಂಜಿನ್ ಆರಿಸಿ, ಸೀಟಿನ ಮೇಲೆ ಕೂತೇ ಹಿಂದಕ್ಕೆ ತಳ್ಳಿ. ಸಂಜೆಯ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಓಡಿಸಿ ತೊಡೆಯ ಬಿಸಿ ನೋಡಿ. ಈ ನಾಲ್ಕೂ ಹಿತವಾಗಿ ನಡೆದರೆ ಎಂಜಿನ್ ಎಷ್ಟು ಸಿಸಿಯದ್ದಾದರೂ ಧೈರ್ಯವಾಗಿ ಮನೆಗೆ ತನ್ನಿ. ಒಂದರಲ್ಲಾದರೂ ಮೈ ಬಿಗಿಯಾದರೆ ಅದು ನಿಮ್ಮ ದಿನದ ಬೈಕು ಆಗಲಾರದು, ಎಷ್ಟೇ ಅಂದವಾಗಿದ್ದರೂ.