ರಾಣಿ ದೊಡ್ಡವಳಾದದ್ದು ಯಾವಾಗ?

ಬೆಂಗಳೂರಿನ ಹೊರಮಾವಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳೆಯುವ ಹದಿಹರೆಯದವರ ಕೈಯಲ್ಲಿ ಈಗ ಕಾಣುವುದು ಇಟ್ಟಿಗೆ ಗಾತ್ರದ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳು. ಕೂಡಿಹಾಕಿದ ಮನೆ, ರೂಪ ಬದಲಿಸುವ ಪ್ರಾಣಿ, ಒಂದರೊಳಗೊಂದು ಹೊಕ್ಕ ಕಥೆಗಳು, ಭಾರಿ ಬೆಲೆ ತೆತ್ತು ದೊಡ್ಡವಳಾಗುವ ಹುಡುಗಿ. ಕನ್ನಡದಲ್ಲಿ ಇಂಥದ್ದೇನಿದೆ ಎಂದು ಅವರಲ್ಲಿ ಯಾರಾದರೂ ಕೇಳಿದರೆ ನಾನು ತೋರಿಸುವುದು ಕಾದಂಬರಿಯನ್ನಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ ನಾಟಕವನ್ನು. ಅದು ಗಿರೀಶ ಕಾರ್ನಾಡರ 1988ರ ‘ನಾಗಮಂಡಲ’.

ಈ ನಾಟಕವನ್ನು ಮೆಚ್ಚುವವರು ಸಾಮಾನ್ಯವಾಗಿ ಅದನ್ನು ಹಾವು-ಹೆಣ್ಣಿನ ಪ್ರೇಮಕಥೆ ಎನ್ನುತ್ತಾರೆ, ಇಲ್ಲವೇ ಹೆಣ್ಣಿನ ಬಿಡುಗಡೆಯ ಕಥೆ ಎನ್ನುತ್ತಾರೆ. ಟಿ.ಎಸ್. ನಾಗಾಭರಣರ 1997ರ ಸಿನಿಮಾ ಮತ್ತು ಸಿ. ಅಶ್ವತ್ಥರ ಸಂಗೀತದಿಂದಾಗಿ ಪ್ರೇಮಕಥೆಯೇ ಜನರ ಮನಸ್ಸಿನಲ್ಲಿ ನಿಂತಿತು. ಎರಡೂ ಓದುಗಳು ಸುಳ್ಳಲ್ಲ. ಆದರೆ ನಾಯಕಿ ರಾಣಿ ದೊಡ್ಡವಳಾದದ್ದು ಯಾವಾಗ ಎಂಬ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ. ನಾಟಕದ ತಿರುಳು ಇರುವುದು ಅಲ್ಲಿ.

ಮೈನೆರೆದ ಮೇಲೆ ಗಂಡ ಅಪ್ಪಣ್ಣ ಅವಳನ್ನು ತನ್ನೂರಿಗೆ ಕರೆತರುತ್ತಾನೆ. ಹೊರಗಿನಿಂದ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನದ ಊಟಕ್ಕೆ ಬರುತ್ತಾನೆ, ಮಾತಿಲ್ಲದೆ ಉಂಡು ಮತ್ತೆ ಬೀಗ ಹಾಕುತ್ತಾನೆ. ಊರು ಅವಳನ್ನು ಹೆಂಗಸೆಂದು ಒಪ್ಪಿಕೊಂಡಿದೆ. ಒಳಗೆ ಮಾತ್ರ ಅವಳು ಅಪ್ಪ-ಅಮ್ಮನ ಕನಸು ಕಾಣುವ ಮಗು. ಗಂಡನನ್ನು ಒಲಿಸಿಕೊಳ್ಳಲು ಕಣ್ಣಿಲ್ಲದ ಮುದುಕಿ ಕುರುಡವ್ವ ಕೊಟ್ಟ ಬೇರನ್ನು ಸಾರಿಗೆ ಬೆರೆಸಿದಾಗ ಅದು ನೆತ್ತರಿನಂತೆ ಕೆಂಪಾಗಿ ಕುದಿಯುತ್ತದೆ. ಬೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿದು ಬರುತ್ತಾಳೆ. ಹುತ್ತದ ನಾಗ ಅದನ್ನು ಕುಡಿದು ಅವಳಿಗೆ ಮರುಳಾಗುತ್ತಾನೆ. ಬಚ್ಚಲ ಮೋರಿಯಿಂದ ಒಳನುಸುಳಿ, ಅಪ್ಪಣ್ಣನ ರೂಪ ತಾಳಿ, ರಾತ್ರಿ ರಾತ್ರಿ ಬರತೊಡಗುತ್ತಾನೆ. ಕಾರ್ನಾಡರ ಕಸುಬುಗಾರಿಕೆ ಈ ಬಚ್ಚಲ ಮೋರಿಯಲ್ಲಿದೆ. ಅದ್ಭುತ ಆಕಾಶದಿಂದ ಇಳಿಯುವುದಿಲ್ಲ, ಕೊಳೆನೀರು ಹೋಗುವ ದಾರಿಯಲ್ಲೇ ಬರುತ್ತದೆ.

ಹಗಲಿನವನು ಬೈಯುತ್ತಾನೆ, ರಾತ್ರಿಯವನು ಮುದ್ದಿಸುತ್ತಾನೆ. ವ್ಯತ್ಯಾಸ ರಾಣಿಗೆ ಕಾಣದೆ ಇರುವುದಿಲ್ಲ. ಕೇಳಹೋದರೆ, ಪ್ರಶ್ನೆ ಕೂಡದು ಎಂಬ ಕಟ್ಟಪ್ಪಣೆ. ಕಾವಲಿಗೆ ತಂದ ನಾಯಿ ಸಾಯುತ್ತದೆ, ಮುಂಗುಸಿ ಕಾದಾಡಿ ಸಾಯುತ್ತದೆ, ರಾತ್ರಿಯ ಗಂಡನ ಮೈಮೇಲೆ ಗಾಯಗಳಾಗುತ್ತವೆ. ಅವಳು ನೋಡುತ್ತಾಳೆ, ಕೇಳುವುದಿಲ್ಲ. ನಾಟಕದ ಕತ್ತಲು ಹಾವಿನಲ್ಲಿಲ್ಲ. ಪ್ರೀತಿ ಸಿಗಬೇಕಾದರೆ ಕಂಡದ್ದನ್ನು ಕಾಣಲಿಲ್ಲ ಎನ್ನಬೇಕಾದ ಈ ಕರಾರಿನಲ್ಲಿದೆ. ಅಪ್ಪಣ್ಣನ ಬೀಗಕ್ಕಿಂತ ನಾಗನ ಅಪ್ಪಣೆ ಸಡಿಲವೇನಲ್ಲ.

ಬಸುರಿಯಾದಾಗ ಗಂಡ ಪಂಚಾಯಿತಿ ಸೇರಿಸುತ್ತಾನೆ. ರಾಣಿ ಹುತ್ತಕ್ಕೆ ಕೈಯಿಟ್ಟು ನಾಗರವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ಆಣೆ ಮಾಡುತ್ತಾಳೆ. ಹಾವು ಹೆಡೆಯೆತ್ತಿ ನೆರಳಾಗುತ್ತದೆ, ಊರು ಅವಳನ್ನು ದೇವಿ ಎನ್ನುತ್ತದೆ. ಪ್ರೇಕ್ಷಕರು ಚಪ್ಪಾಳೆ ತಟ್ಟುವುದು ಇಲ್ಲಿ. ನನಗೆ ಇದು ಗೆಲುವಾಗಿ ಕಾಣುವುದಿಲ್ಲ. ಈ ಉಪಾಯವೂ ನಾಗ ಹೇಳಿಕೊಟ್ಟದ್ದೇ. ಒಳಗಿನ್ನೂ ಮಗುವಾಗಿದ್ದವಳನ್ನು ನೇರ ದೇವಿಯ ಪಟ್ಟಕ್ಕೆ ಏರಿಸಿದ ಊರು, ನಡುವೆ ಮನುಷ್ಯಳಾಗಲು ಅವಳಿಗೆ ಜಾಗವನ್ನೇ ಬಿಡಲಿಲ್ಲ.

ಈ ಕಥೆಯ ಸುತ್ತ ಇನ್ನೆರಡು ಎಳೆಗಳಿವೆ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕವಿದು. ಅದನ್ನು ಕಾರ್ನಾಡರು ಅವರಿಗೇ ಅರ್ಪಿಸಿದರು. ಎರಡನೆಯ ಎಳೆಯಲ್ಲಿ, ನಾಟಕ ತೋರಿಸಿ ಜನರನ್ನು ನಿದ್ದೆಗೆ ಕೆಡವಿದ ಪಾಪಕ್ಕೆ ಒಬ್ಬ ನಾಟಕಕಾರ ಒಂದು ರಾತ್ರಿಯಿಡೀ ಎಚ್ಚರವಿರಬೇಕು, ಇಲ್ಲವಾದರೆ ಸಾವು. ಅವನು ಕುಳಿತ ಪಾಳು ಗುಡಿಗೆ ಊರಿನ ಮನೆಗಳ ದೀಪದ ಕುಡಿಗಳು ಹರಟೆಗೆ ಬರುತ್ತವೆ. ಹೇಳಿಸಿಕೊಳ್ಳದೆ ಒಬ್ಬಾಕೆಯ ಬಾಯೊಳಗೇ ಉಳಿದಿದ್ದ ಕಥೆ, ಅಲ್ಲಿಂದ ತಪ್ಪಿಸಿಕೊಂಡು ಹೆಣ್ಣಾಗಿ ಬಂದು ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಬಾಯಿ ಕಟ್ಟಿಸಿಕೊಂಡ ಕಥೆಯೇ ಬಾಯಿ ಕಟ್ಟಿಸಿಕೊಂಡ ರಾಣಿಯ ಪರ ಮಾತಾಡುವ ಈ ಹೆಣಿಗೆ ಬಿಗಿಯಾದದ್ದು.

ಮೂರನೆಯ ಎಳೆ ಕುರುಡವ್ವ ಮತ್ತು ಅವಳನ್ನು ಹೆಗಲ ಮೇಲೆ ಹೊತ್ತು ತಿರುಗುವ ಮಗ ಕಪ್ಪಣ್ಣನದು. ಇದನ್ನು ಬರೀ ನಗೆಯ ಸರಕಾಗಿಸುವ ಆಸೆ ನಿರ್ದೇಶಕರಿಗೆ ಬಂದರೆ ಆಶ್ಚರ್ಯವಿಲ್ಲ. ಆದರೆ ರಾತ್ರಿಯ ಮಾಯಾವಿ ಹೆಣ್ಣೊಬ್ಬಳ ಸೆಳೆತಕ್ಕೆ ಕಪ್ಪಣ್ಣ ಕಾಣೆಯಾಗುತ್ತಾನೆ, ತಾಯಿ ಅವನನ್ನು ಕೂಗುತ್ತ ಅಲೆಯುತ್ತಾಳೆ. ರಾಣಿಗೆ ಮಾಯೆ ಮಗುವನ್ನು ಕೊಟ್ಟಿತು, ಬೇರು ಕೊಟ್ಟವಳಿಂದ ಮಗನನ್ನು ಕಿತ್ತುಕೊಂಡಿತು. ಈ ಲೆಕ್ಕವನ್ನು ನಾಟಕ ಯಾರಿಂದಲೂ ಚುಕ್ತಾ ಮಾಡಿಸುವುದಿಲ್ಲ. ಆ ಧೈರ್ಯವನ್ನು ಮೆಚ್ಚಬೇಕು.

ಕೊರತೆಗಳೂ ಇವೆ. ಅಪ್ಪಣ್ಣನ ಕ್ರೌರ್ಯಕ್ಕೆ ಹಿನ್ನೆಲೆಯಿಲ್ಲ. ಅವನು ರಾತ್ರಿಯವನ ನೆರಳಷ್ಟೇ. ಹೆಸರೇ ಇಲ್ಲದ ಸೂಳೆ ಕೊನೆಗೆ ಆ ಮನೆಯಲ್ಲಿ ನೀರು ಹೊರುವ ಆಳಾಗುತ್ತಾಳೆ. ಒಬ್ಬಳಿಗೆ ದೇವಿಯ ಪೀಠ ಕೊಟ್ಟ ನಾಟಕ ಇನ್ನೊಬ್ಬಳ ಕೈಗೆ ಕೊಡ ಕೊಟ್ಟು ಕೈತೊಳೆದುಕೊಂಡಿತು. ಹೆಣ್ಣಿನ ಪರವೆಂದು ನಾಟಕವನ್ನು ಹೊಗಳುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಮುಕ್ತಾಯ ಎರಡು. ಮೊದಲನೆಯದರಲ್ಲಿ ನಾಗ ರಾಣಿಯ ಕೂದಲನ್ನೇ ಉರುಳಾಗಿಸಿಕೊಂಡು ಸಾಯುತ್ತಾನೆ. ಸತ್ತ ಹಾವಿಗೆ ತನ್ನ ಮಗನೇ ಕೊಳ್ಳಿ ಇಡಬೇಕು, ವರ್ಷವರ್ಷ ಪಿಂಡ ಹಾಕಬೇಕು ಎಂದು ರಾಣಿ ಕೇಳಿಕೊಳ್ಳುತ್ತಾಳೆ. ಕಣ್ಣೀರು ತರಿಸುವ ಕೊನೆ ನಿಜ, ಆದರೆ ಅಲ್ಲಿ ಎಲ್ಲವನ್ನೂ ತೀರ್ಮಾನಿಸಿದವನು ಸತ್ತವನು. ಇದರಿಂದ ತೃಪ್ತಿಯಾಗದೆ ನಾಟಕ ಇನ್ನೊಂದು ಕೊನೆ ಕಟ್ಟುತ್ತದೆ. ತಲೆ ಬಾಚುವಾಗ ಉದುರಿದ ಹಾವು ಜೀವಂತವಾಗಿದೆ, ಗಂಡ ಕೊಲ್ಲಲು ಹೊರಡುತ್ತಾನೆ, ರಾಣಿ ಅದನ್ನು ತನ್ನ ಜಡೆಯೊಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ಈ ಎರಡನೆಯದನ್ನು ಹಿತವಾದ ಹೊಂದಾಣಿಕೆ ಎಂದು ತಳ್ಳಿಹಾಕುವುದು ಸುಲಭ. ನನ್ನ ಪ್ರಕಾರ ರಾಣಿ ದೊಡ್ಡವಳಾಗುವುದು ಇಲ್ಲೇ. ಇಷ್ಟು ದಿನ ಅವಳಿಂದ ಗುಟ್ಟು ಮುಚ್ಚಿಟ್ಟವರು ಗಂಡಸರು, ಈಗ ಗುಟ್ಟಿನ ಒಡತಿ ಅವಳು. ಬೇರು, ಬೀಗ, ಆಣೆ ಎಲ್ಲವೂ ಬೇರೆಯವರ ಕೈಯಿಂದ ಬಂದವು. ಇದೊಂದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.